ಮೂರು ಸಾವಿರ ಗಂಟೆ: ಕ್ಯಾಲಿಫೋರ್ನಿಯಾದಲ್ಲಿ ಫ್ಯಾಮಿಲಿ ಥೆರಪಿಸ್ಟ್ ಲೈಸೆನ್ಸ್ ಸಿಗುವುದು ಹೇಗೆ

ಫ್ರೀಮಾಂಟ್‌ನಲ್ಲೋ ಸನ್ನಿವೇಲ್‌ನಲ್ಲೋ ಇರುವ ಗಂಡ ಹೆಂಡತಿ ಥೆರಪಿಸ್ಟ್‌ಗಳ ಪಟ್ಟಿ ತೆರೆದು ಕೂತರೆ, ಹೆಸರುಗಳ ಪಕ್ಕದ ಅಕ್ಷರಗಳೇ ಮೊದಲು ತಲೆ ಕೆಡಿಸುತ್ತವೆ. ಒಬ್ಬರದು ಎಲ್‌ಎಂಎಫ್‌ಟಿ, ಇನ್ನೊಬ್ಬರದು ಎಎಂಎಫ್‌ಟಿ, ಮತ್ತೊಬ್ಬರು ಟ್ರೇನಿ. ಫೀಸು ಕೂಡ ಒಬ್ಬೊಬ್ಬರದು ಒಂದೊಂದು. ಕಡಿಮೆ ಫೀಸಿನವರ ಹತ್ತಿರ ಹೋದರೆ ಅರ್ಧಂಬರ್ಧ ಕಲಿತವರ ಕೈಗೆ ಸಂಸಾರ ಕೊಟ್ಟ ಹಾಗಾಗುತ್ತದೇನೋ ಅನ್ನುವ ಅನುಮಾನ ಯಾರಿಗಾದರೂ ಬರುತ್ತದೆ.

ಎಲ್‌ಎಂಎಫ್‌ಟಿ ಅಂದರೆ ಲೈಸೆನ್ಸ್ ಸಿಕ್ಕಿರುವ ಮದುವೆ ಮತ್ತು ಕುಟುಂಬ ಥೆರಪಿಸ್ಟ್. ಎಎಂಎಫ್‌ಟಿ ಅಂದರೆ ಡಿಗ್ರಿ ಮುಗಿಸಿ ಲೈಸೆನ್ಸ್‌ಗೆ ಗಂಟೆ ಕೂಡಿಸುತ್ತಿರುವ ಅಸೋಸಿಯೇಟ್. ಟ್ರೇನಿ ಇನ್ನೂ ಓದುತ್ತಿರುವವರು. ಈ ಮೂವರೂ ಒಂದೇ ಕಾಲೇಜಿನಲ್ಲಿ ಒಂದೇ ಕೋರ್ಸ್ ಸೇರಿದವರಿರಬಹುದು. ವ್ಯತ್ಯಾಸ ಇರುವುದು ಗಂಟೆಗಳಲ್ಲಿ. ಇನ್ನೊಬ್ಬ ಅನುಭವಸ್ಥರು ಜವಾಬ್ದಾರಿ ಹೊತ್ತು ನೋಡಿಕೊಳ್ಳುತ್ತಿರುವಾಗ ನಿಜವಾದ ಜನರ ಜೊತೆ ಕೂತ ಗಂಟೆಗಳು. ಲೈಸೆನ್ಸ್‌ನ ಬೆಲೆ ಡಿಗ್ರಿಯಲ್ಲಿ, ಪರೀಕ್ಷೆಯಲ್ಲಿ ಇದೆ ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ಮುಕ್ಕಾಲು ಪಾಲು ಬೆಲೆ ಈ ಗಂಟೆಗಳದ್ದು. ಈ ಗಂಟೆಗಳ ಖರ್ಚನ್ನು ಯಾರು ಹೊರುತ್ತಾರೆ ಅನ್ನುವುದನ್ನೂ ನೋಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮದುವೆ ಮತ್ತು ಕುಟುಂಬ ಥೆರಪಿಗೆ ಪ್ರತ್ಯೇಕ ಲೈಸೆನ್ಸ್ ಕೊಡಲು ಅಮೆರಿಕದಲ್ಲಿ ಮೊದಲು ಶುರು ಮಾಡಿದ್ದು ಕ್ಯಾಲಿಫೋರ್ನಿಯಾ, 1963ರಲ್ಲಿ. ಈಗ 50 ರಾಜ್ಯಗಳಲ್ಲೂ ಇಂಥ ಲೈಸೆನ್ಸ್ ಇದೆ. ಆದರೆ ದೇಶಕ್ಕೆಲ್ಲ ಒಂದೇ ಕಾನೂನು ಅಂತಿಲ್ಲ. ನ್ಯೂಯಾರ್ಕ್ 1500 ಗಂಟೆ ಕೇಳಿದರೆ ಕ್ಯಾಲಿಫೋರ್ನಿಯಾ 3000 ಕೇಳುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕ್ಯಾಲಿಫೋರ್ನಿಯಾದ ಲೆಕ್ಕ ಮಾತ್ರ ಹಿಡಿಯುತ್ತೇನೆ. ಅಲ್ಲಿ ಇದನ್ನು ನೋಡಿಕೊಳ್ಳುವುದು ಸ್ಯಾಕ್ರಮೆಂಟೊದಲ್ಲಿರುವ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್. ಈ ಕಸುಬಿನವರ ಬಾಯಲ್ಲಿ ಬಿಬಿಎಸ್.

ಮೊದಲು ಡಿಗ್ರಿ, ಅದರೊಳಗೇ ಕೆಲಸ

ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಬೇಕು. 60 ಸೆಮಿಸ್ಟರ್ ಯೂನಿಟ್ (ಯೂನಿಟ್ ಅಂದರೆ ಪಾಠದ ಅಳತೆ, ಕ್ರೆಡಿಟ್), ಅಥವಾ ಕ್ವಾರ್ಟರ್ ಪದ್ಧತಿ ಇರುವ ಕಡೆ 90 ಯೂನಿಟ್. ಎರಡು ವರ್ಷದಿಂದ ಮೂರು ವರ್ಷದ ಓದು. ಮನೋರೋಗಗಳನ್ನು ಗುರುತಿಸುವುದು, ಮಕ್ಕಳ ಬೆಳವಣಿಗೆ, ಕುಡಿತ ಮತ್ತು ಡ್ರಗ್ಸ್, ಮನೆಯೊಳಗಿನ ಹಿಂಸೆ, ಕ್ಯಾಲಿಫೋರ್ನಿಯಾದ ಕಾನೂನು ಎಲ್ಲವೂ ಪಠ್ಯದಲ್ಲಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ಪಾಠ ಕೇಳಿಸಿಕೊಂಡರಷ್ಟೇ ಸಾಲದು. ಪ್ರಾಕ್ಟಿಕಮ್ ಅನ್ನುವ ಭಾಗ ಇರುತ್ತದೆ. ಅದರಲ್ಲಿ ಕನಿಷ್ಠ 225 ಗಂಟೆ ಕ್ಲೈಂಟ್‌ಗಳ ಎದುರು ಕೂತು ಕೌನ್ಸೆಲಿಂಗ್ ಮಾಡಬೇಕು. ಈ ಹಂತದವರಿಗೇ ಟ್ರೇನಿ ಅನ್ನುವುದು.

ಕಾಲೇಜಿಗೆ ಸೇರಿದ ಮರುದಿನವೇ ಈ ಕೆಲಸ ಸಿಗುವುದಿಲ್ಲ. 12 ಸೆಮಿಸ್ಟರ್ ಯೂನಿಟ್ ಮುಗಿಸಿದ ಮೇಲೆ ಮಾಡಿದ ಗಂಟೆಗಳು ಮಾತ್ರ ಲೆಕ್ಕಕ್ಕೆ. ಡಿಗ್ರಿಗೆ ಮುಂಚೆ ಎಷ್ಟೇ ದುಡಿದರೂ 3000ದಲ್ಲಿ 1300ಕ್ಕಿಂತ ಹೆಚ್ಚು ಎಣಿಸಿಕೊಳ್ಳುವ ಹಾಗಿಲ್ಲ. ಅಂದರೆ ಉಳಿದ 1700 ಗಂಟೆ ಡಿಗ್ರಿ ಕೈಗೆ ಬಂದ ಮೇಲೆ ಮಾಡಲೇಬೇಕು.

ಡಿಗ್ರಿ ಮುಗಿದ ಕೂಡಲೇ ಗಡಿಯಾರ ಓಡಲು ಶುರುವಾಗುತ್ತದೆ. 90 ದಿನದೊಳಗೆ ಬಿಬಿಎಸ್‌ಗೆ ಅರ್ಜಿ ಹಾಕಿ ಅಸೋಸಿಯೇಟ್ ಅಂತ ನೋಂದಾಯಿಸಿಕೊಳ್ಳಬೇಕು. ಹಾಗೆ ಹಾಕಿದರೆ ಡಿಗ್ರಿಗೂ ನೋಂದಣಿಗೂ ನಡುವೆ ಮಾಡಿದ ಕೆಲಸವನ್ನು ಎಣಿಸಿಕೊಳ್ಳಬಹುದು. ಆದರೆ ಒಂದು ಷರತ್ತು. ಕೆಲಸಕ್ಕೆ ಸೇರುವ ಮುಂಚೆಯೇ ಬೆರಳಚ್ಚು ಕೊಟ್ಟಿರಬೇಕು, ಅದರ ದಾಖಲೆ ಕೈಯಲ್ಲಿರಬೇಕು. ನೋಂದಣಿ ಸಂಖ್ಯೆ ಬರುವವರೆಗೆ ಖಾಸಗಿ ಪ್ರಾಕ್ಟೀಸ್‌ನಲ್ಲಿ ಕೆಲಸ ಮಾಡುವ ಹಾಗೂ ಇಲ್ಲ. ಅರ್ಜಿ ತಡವಾಯಿತು ಅಂದರೆ ಆ ತಿಂಗಳುಗಳ ಗಂಟೆ ಹೋದಂತೆಯೇ. ಸುಮ್ನೆ ಒಂದು ಫಾರ್ಮ್ ಅಲ್ವಾ ಅಂದುಕೊಂಡು ಮುಂದೂಡುವ ವಿಷಯ ಅಲ್ಲ ಇದು.

2018ಕ್ಕಿಂತ ಮುಂಚೆ ಈ ಹಂತದವರನ್ನು ಇಂಟರ್ನ್ ಅನ್ನುತ್ತಿದ್ದರು. ಹಳೆಯ ವೆಬ್‌ಸೈಟುಗಳಲ್ಲಿ ಆ ಹೆಸರು ಕಂಡರೆ ಅದೂ ಇದೇ ಹಂತ.

3000 ಗಂಟೆಯ ಒಳಗೆ ಏನಿದೆ

ದೊಡ್ಡ ಸಂಖ್ಯೆ ನೋಡಿ ಜನ ಬೆಚ್ಚಿ ಬೀಳುತ್ತಾರೆ. ಬಿಡಿಸಿ ನೋಡಿದರೆ ಭಯ ಸ್ವಲ್ಪ ಕಡಿಮೆಯಾಗುತ್ತದೆ.

3000 ಗಂಟೆಯಲ್ಲಿ ಕನಿಷ್ಠ 1750 ಗಂಟೆ ಜನರ ಎದುರು ಕೂತ ಕೌನ್ಸೆಲಿಂಗ್ ಆಗಿರಬೇಕು. ಆ 1750ರ ಒಳಗೆ 500 ಗಂಟೆ ದಂಪತಿ, ಕುಟುಂಬ ಅಥವಾ ಮಕ್ಕಳ ಜೊತೆಗೇ ಆಗಬೇಕು. ಉಳಿದ 1250ರವರೆಗೆ ಬೇರೆ ಕೆಲಸ ಸೇರಿಸಬಹುದು. ಸೆಷನ್ ನೋಟ್ಸ್ ಬರೆದದ್ದು, ವರದಿ ತಯಾರಿಸಿದ್ದು, ಕ್ಲೈಂಟ್ ಪರವಾಗಿ ಶಾಲೆಗೋ ಕಚೇರಿಗೋ ಓಡಾಡಿದ್ದು, ಕಾರ್ಯಾಗಾರಕ್ಕೆ ಹೋದದ್ದು, ಸೂಪರ್‌ವೈಸರ್ ಜೊತೆ ಕಳೆದ ಸಮಯ ಇವೆಲ್ಲ ಅದರಲ್ಲಿ ಬರುತ್ತವೆ.

ಕಾಲದ ಕಟ್ಟೂ ಇದೆ. ಇಡೀ ಅನುಭವ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ಯಾವ ವಾರದಲ್ಲೂ 40 ಗಂಟೆಗಿಂತ ಜಾಸ್ತಿ ಎಣಿಸುವ ಹಾಗಿಲ್ಲ. ಹಗಲೂ ರಾತ್ರಿ ದುಡಿದು ಒಂದೇ ವರ್ಷದಲ್ಲಿ ಮುಗಿಸುವ ಜಾಣತನಕ್ಕೆ ಇಲ್ಲಿ ಜಾಗ ಇಲ್ಲ. ನನಗೆ ಇದು ಸರಿಯಾದ ನಿಯಮ ಅನ್ನಿಸುತ್ತದೆ. ಒಂದು ಕುಟುಂಬ ಬದಲಾಗುವುದನ್ನು ನೋಡಲು, ಅಥವಾ ಬದಲಾಗದೇ ಇರುವುದನ್ನು ನೋಡಲು, ತಿಂಗಳುಗಳೇ ಬೇಕು.

104 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 29 ಗಂಟೆ, ಅದರಲ್ಲಿ ಸುಮಾರು 17 ಗಂಟೆ ನೇರ ಕೌನ್ಸೆಲಿಂಗ್. ಕಾಗದದ ಮೇಲೆ ಸಲೀಸು. ಆದರೆ ಕ್ಲೈಂಟ್ ಬರದೇ ಹೋದರೆ ಆ ಗಂಟೆ ಕೌನ್ಸೆಲಿಂಗ್ ಲೆಕ್ಕಕ್ಕಿಲ್ಲ. ಶಾಲೆಯಲ್ಲಿ ಕೆಲಸ ಸಿಕ್ಕಿದ್ದರೆ ಬೇಸಿಗೆ ರಜೆಯಲ್ಲಿ ಮಕ್ಕಳೇ ಇರುವುದಿಲ್ಲ. ಕ್ರಿಸ್‌ಮಸ್ ಬಂದರೆ ಎರಡು ವಾರ ಖಾಲಿ. ಹೀಗಾಗಿ ಎರಡು ವರ್ಷ ಅಂತ ಹೊರಟವರಿಗೆ ಮೂರು ನಾಲ್ಕು ವರ್ಷ ಹಿಡಿಯುವುದು ಮಾಮೂಲು.

ತುಂಬಾ ಎಳೆದರೆ ಇನ್ನೊಂದು ಕಷ್ಟ. ಲೈಸೆನ್ಸ್ ಅರ್ಜಿ ಬಿಬಿಎಸ್ ತಲುಪಿದ ದಿನದಿಂದ ಹಿಂದಕ್ಕೆ ಆರು ವರ್ಷದೊಳಗಿನ ಗಂಟೆಗಳಿಗೇ ಬೆಲೆ. ಪ್ರಾಕ್ಟಿಕಮ್‌ನ ಗಂಟೆಗಳಿಗೆ ಸ್ವಲ್ಪ ರಿಯಾಯಿತಿ ಇದೆ, ಉಳಿದವು ಹಳತಾದಂತೆ ಉದುರಿಹೋಗುತ್ತವೆ. ಅಸೋಸಿಯೇಟ್ ನೋಂದಣಿಯೂ ವರ್ಷ ವರ್ಷ ನವೀಕರಿಸಬೇಕಾದದ್ದು. ಐದು ಸಲ ನವೀಕರಿಸಬಹುದು, ಅಂದರೆ ಒಟ್ಟು ಆರು ವರ್ಷ. ನಡುವೆ ಹೆರಿಗೆ, ಊರಲ್ಲಿ ಅಪ್ಪ ಅಮ್ಮನ ಕಾಯಿಲೆ, ವೀಸಾ ಗೋಜಲು ಅಂತ ಬಿಡುವು ತೆಗೆದುಕೊಂಡವರಿಗೆ ಈ ಆರು ವರ್ಷ ಬಹಳ ಚಿಕ್ಕದು.

ಸೂಪರ್‌ವಿಷನ್ ಅಂದರೆ ಏನು ನಡೆಯುತ್ತದೆ

ಹಿರಿಯ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿ ಸೇರುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಸೋಸಿಯೇಟ್ ಸ್ಥಿತಿಯೂ ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ ಜೂನಿಯರ್ ವಕೀಲರಿಗೆ ಆಗಲೇ ಸನ್ನದು ಇರುತ್ತದೆ. ಬೇಕಾದರೆ ನಾಳೆಯೇ ಸ್ವಂತ ಬೋರ್ಡ್ ಹಾಕಿಕೊಳ್ಳಬಹುದು. ಅಸೋಸಿಯೇಟ್‌ಗೆ ಆ ಸ್ವಾತಂತ್ರ್ಯ ಇಲ್ಲ. ಸ್ವಂತ ಪ್ರಾಕ್ಟೀಸ್ ಇಡುವ ಹಾಗಿಲ್ಲ, ಕ್ಲೈಂಟ್‌ನಿಂದ ನೇರವಾಗಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಗುತ್ತಿಗೆಯ ಮೇಲೂ ದುಡಿಯುವ ಹಾಗಿಲ್ಲ. ಒಂದೋ ಸಂಬಳದ ನೌಕರ ಆಗಿರಬೇಕು, ಇಲ್ಲವೇ ಸ್ವಯಂಸೇವಕ. ತನಗೆ ಲೈಸೆನ್ಸ್ ಇಲ್ಲ, ತಾನು ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಇದ್ದೇನೆ ಅಂತ ಪ್ರತಿ ಕ್ಲೈಂಟ್‌ಗೂ ಮೊದಲೇ ಹೇಳಬೇಕು.

ಮೇಲ್ವಿಚಾರಣೆಗೂ ಅಳತೆ ಇದೆ. ಒಬ್ಬರೇ ಸೂಪರ್‌ವೈಸರ್ ಎದುರು ಕೂತರೆ ಒಂದು ಗಂಟೆ, ಗುಂಪಿನಲ್ಲಾದರೆ ಎರಡು ಗಂಟೆ. ಇದಕ್ಕೆ ಒಂದು ಯೂನಿಟ್ ಅನ್ನುತ್ತಾರೆ. ಗುಂಪಿನಲ್ಲಿ ಎಂಟು ಜನರಿಗಿಂತ ಹೆಚ್ಚು ಇರಬಾರದು. ಅಸೋಸಿಯೇಟ್ ಕೆಲಸ ಮಾಡುವ ಪ್ರತಿ ಜಾಗಕ್ಕೂ ವಾರಕ್ಕೆ ಒಂದು ಯೂನಿಟ್ ಬೇಕು. ಆ ವಾರ ಅಲ್ಲಿ ನೇರ ಕೌನ್ಸೆಲಿಂಗ್ 10 ಗಂಟೆ ದಾಟಿದರೆ ಇನ್ನೊಂದು ಯೂನಿಟ್. ಟ್ರೇನಿಗಳಿಗೆ ಇನ್ನೂ ಬಿಗಿ. ಅವರಿಗೆ ಸರಾಸರಿ ಐದು ಗಂಟೆ ಕೌನ್ಸೆಲಿಂಗ್‌ಗೆ ಒಂದು ಯೂನಿಟ್. 104 ವಾರಗಳಲ್ಲಿ ಕನಿಷ್ಠ 52 ವಾರ ಗುಂಪಿಲ್ಲದ ಮೇಲ್ವಿಚಾರಣೆ ಆಗಿರಬೇಕು. ಸೂಪರ್‌ವೈಸರ್ ಮತ್ತು ಒಬ್ಬರು, ಹೆಚ್ಚೆಂದರೆ ಇಬ್ಬರು.

ಆ ಒಂದು ಗಂಟೆಯಲ್ಲಿ ಮಾತಾಡುವುದು ಏನು? ವಾರದಲ್ಲಿ ನೋಡಿದ ಕ್ಲೈಂಟ್‌ಗಳ ಬಗ್ಗೆ. ನೋಟ್ಸ್ ಓದುತ್ತಾರೆ. ಕ್ಲೈಂಟ್ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಸೆಷನ್‌ನ ರೆಕಾರ್ಡಿಂಗ್ ಕೇಳುತ್ತಾರೆ. ಕುಟುಂಬ ಥೆರಪಿಯಲ್ಲಿ ಹಳೆಯದೊಂದು ಪದ್ಧತಿ ಇದೆ. ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಸೂಪರ್‌ವೈಸರ್ ಕೂತು ಸೆಷನ್ ನಡೆಯುತ್ತಿರುವಾಗಲೇ ನೋಡುವುದು. ಕುಟುಂಬದವರಿಗೂ ಇದು ಗೊತ್ತಿರುತ್ತದೆ. ಈಗ ವಿಡಿಯೋ ಆ ಕೆಲಸ ಮಾಡುತ್ತಿದೆ.

ಕೇಸಿನ ಚರ್ಚೆ ಅರ್ಧ ಮಾತ್ರ. ಇನ್ನರ್ಧ ಕಲಿಯುವವರ ಬಗ್ಗೆಯೇ. ಉದಾಹರಣೆಗೆ, ಜೋರು ದನಿಯ ಗಂಡ ಮಾತಾಡಲು ಶುರು ಮಾಡಿದ ಕೂಡಲೇ ಅಸೋಸಿಯೇಟ್ ಪ್ರತಿ ಸಲ ವಿಷಯ ಬದಲಿಸುತ್ತಾರೆ ಅಂತಿಟ್ಟುಕೊಳ್ಳಿ. ಅವರಿಗೆ ಅದು ಗೊತ್ತೇ ಆಗಿರುವುದಿಲ್ಲ. ರೆಕಾರ್ಡಿಂಗ್ ಕೇಳಿದ ಸೂಪರ್‌ವೈಸರ್‌ಗೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಿದ್ದರಾ ಅಂತ ಕೇಳುತ್ತಾರೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಯಾವ ಪರೀಕ್ಷೆಯೂ ಅಳೆಯುವುದಿಲ್ಲ.

ಸೂಪರ್‌ವೈಸರ್ ಯಾರು ಬೇಕಾದರೂ ಆಗುವಂತಿಲ್ಲ. ಹಿಂದಿನ ಐದು ವರ್ಷದಲ್ಲಿ ಕನಿಷ್ಠ ಎರಡು ವರ್ಷ ಲೈಸೆನ್ಸ್ ಇಟ್ಟುಕೊಂಡು ಥೆರಪಿ ಮಾಡಿರಬೇಕು ಅಥವಾ ಇತರರ ಕೆಲಸದ ಮೇಲ್ವಿಚಾರಣೆ ನಡೆಸಿರಬೇಕು. 15 ಗಂಟೆಯ ತರಬೇತಿ ಬೇಕು. ಗಂಡ, ಹೆಂಡತಿ, ನೆಂಟರು ಆಗುವಂತಿಲ್ಲ. ಹಿಂದೆ ತಮಗೇ ಥೆರಪಿ ಕೊಟ್ಟವರೂ ಆಗುವಂತಿಲ್ಲ. ಎಲ್‌ಎಂಎಫ್‌ಟಿಯೇ ಆಗಿರಬೇಕು ಅಂತೇನಿಲ್ಲ. ಲೈಸೆನ್ಸ್ ಇರುವ ಕ್ಲಿನಿಕಲ್ ಸೋಷಿಯಲ್ ವರ್ಕರ್, ಮನಶ್ಶಾಸ್ತ್ರಜ್ಞರು, ಮನೋವೈದ್ಯರೂ ಆಗಬಹುದು. ಖಾಸಗಿ ಪ್ರಾಕ್ಟೀಸ್‌ನಂಥ ಕಡೆ ಒಬ್ಬರು ಆರು ಜನರಿಗಿಂತ ಜಾಸ್ತಿ ನೋಡಿಕೊಳ್ಳುವ ಹಾಗಿಲ್ಲ. ಅಸೋಸಿಯೇಟ್ ತಪ್ಪು ಮಾಡಿದರೆ ಸೂಪರ್‌ವೈಸರ್ ಲೈಸೆನ್ಸ್‌ಗೂ ಕುತ್ತು.

ಇದನ್ನೆಲ್ಲ ಕಾಗದದಲ್ಲಿ ಇಡಬೇಕು. ವಾರ ವಾರದ ಲಾಗ್‌ಗೆ ಸೂಪರ್‌ವೈಸರ್ ಸಹಿ, ಕೊನೆಗೆ ಒಟ್ಟು ಅನುಭವಕ್ಕೆ ಇನ್ನೊಂದು ಸಹಿ. ಆಮೇಲೆ ಒಟ್ಟಿಗೆ ಹಾಕಿಸಿಕೊಂಡರಾಯಿತು ಅಂತ ಬಿಟ್ಟರೆ, ಅಷ್ಟರಲ್ಲಿ ಸೂಪರ್‌ವೈಸರ್ ಬೇರೆ ರಾಜ್ಯಕ್ಕೆ ಹೋಗಿರಬಹುದು, ನಿವೃತ್ತರಾಗಿರಬಹುದು. ಈ ದಾರಿಯಲ್ಲಿರುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮೊದಲ ಬುದ್ಧಿಮಾತು ಇದೇ: ಲಾಗ್ ಅವತ್ತವತ್ತೇ ಬರೆಯಿರಿ, ಸಹಿ ವಾರ ವಾರ ಹಾಕಿಸಿ.

ಈಗ ಖರ್ಚಿನ ಮಾತು. ಟ್ರೇನಿಗಳಿಗೆ ಬಹಳ ಕಡೆ ಸಂಬಳವೇ ಇಲ್ಲ, ಕಾಲೇಜಿಗೆ ಮಾತ್ರ ಫೀಸು ಕಟ್ಟುತ್ತಾ ಇರಬೇಕು. ಅಸೋಸಿಯೇಟ್ ಆದ ಮೇಲೂ ಸಿಗುವ ಸಂಬಳ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಬಾಡಿಗೆಗೆ ಸಾಲುವುದು ಕಷ್ಟ. ಕೆಲವರು ಸೂಪರ್‌ವೈಸರ್‌ಗೂ ಕೈಯಿಂದ ಕೊಡುತ್ತಾರೆ. ನಿಯಮ ಕ್ಲೈಂಟ್‌ಗಳನ್ನು ಕಾಪಾಡುತ್ತದೆ ನಿಜ. ಆದರೆ ಕಾಪಾಡುವ ಖರ್ಚು ಕಲಿಯುವವರ ತಲೆ ಮೇಲೆ ಬೀಳುತ್ತದೆ. ಮನೆಯಲ್ಲಿ ಇನ್ನೊಬ್ಬರ ದೊಡ್ಡ ಸಂಬಳ ಇದ್ದವರಿಗೆ ಈ ದಾರಿ ಸುಲಭ, ಇಲ್ಲದವರಿಗೆ ದುರ್ಗಮ. ನಮ್ಮ ಭಾಷೆಯಲ್ಲಿ ಮಾತಾಡುವ ಥೆರಪಿಸ್ಟ್ ಸಿಗುವುದೇ ಇಲ್ಲ ಅಂತ ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದಂಪತಿಗೆ ಬೇರೆಯೇ 500 ಗಂಟೆ ಯಾಕೆ

ಒಬ್ಬರನ್ನು ಕೂರಿಸಿ ಮಾತಾಡಿಸುವುದು ಬಂದರೆ ಇಬ್ಬರನ್ನು ಕೂರಿಸುವುದೂ ಬರುತ್ತದೆ ಅಂದುಕೊಳ್ಳುವುದು ತಪ್ಪು. ಗಂಡ ಹೆಂಡತಿ ಇಬ್ಬರೂ ಬಂದು ಕೂತರೆ ಕ್ಲೈಂಟ್ ಯಾರು? ಅವನಾ, ಅವಳಾ, ಇಲ್ಲಾ ಅವರ ನಡುವಿನ ಸಂಬಂಧವಾ? ಮೊದಲ ದಿನವೇ ಇದನ್ನು ತೀರ್ಮಾನಿಸಿ ಬರೆದು ಹೇಳಬೇಕು.

ಯಾಕೆ ಅಂದರೆ ಎರಡನೇ ವಾರ ಹೆಂಡತಿ ಒಬ್ಬಳೇ ಫೋನ್ ಮಾಡಬಹುದು. ನಾನು ಬೇರೆ ಮನೆ ನೋಡಿದ್ದೇನೆ, ಅವರಿಗೆ ಹೇಳಬೇಡಿ ಅನ್ನಬಹುದು. ಆ ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು ಮುಂದಿನ ಸೆಷನ್‌ನಲ್ಲಿ ಗಂಡನ ಮುಖ ನೋಡುವುದು ಹೇಗೆ? ಬಾಯಿ ಬಿಟ್ಟರೆ ಅವಳ ನಂಬಿಕೆ ಹೋಯಿತು, ಮುಚ್ಚಿಟ್ಟರೆ ಅವನಿಗೆ ಮೋಸ. ಅದಕ್ಕೇ ಬಹಳಷ್ಟು ಥೆರಪಿಸ್ಟ್‌ಗಳು ಮೊದಲೇ ಹೇಳಿಬಿಡುತ್ತಾರೆ: ಒಬ್ಬರು ಒಂಟಿಯಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುತ್ತೇನೆ ಅಂತ ನಾನು ಮಾತು ಕೊಡುವುದಿಲ್ಲ. ಅತ್ತೆ ಮಾವ ಆರು ತಿಂಗಳಿಗೆ ಬಂದು ಜೊತೆಗಿರುವ ಮನೆಯಲ್ಲಿ, ಅವರನ್ನೂ ಸೆಷನ್‌ಗೆ ಕರೆಯಬೇಕಾ ಅನ್ನುವ ಪ್ರಶ್ನೆ ಇದಕ್ಕೆ ಸೇರಿಕೊಳ್ಳುತ್ತದೆ. ಇಂಥದ್ದಕ್ಕೆಲ್ಲ ಸೂಪರ್‌ವೈಸರ್ ಪಕ್ಕದಲ್ಲಿ ಇರುವಾಗಲೇ ಒಂದೆರಡು ಸಲ ಸಿಕ್ಕಿಹಾಕಿಕೊಳ್ಳುವುದು ಒಳ್ಳೆಯದು.

ಎರಡು ಪರೀಕ್ಷೆ

ಮೊದಲನೆಯದು ಕಾನೂನು ಮತ್ತು ನೀತಿಯ ಪರೀಕ್ಷೆ. 75 ಪ್ರಶ್ನೆ, 90 ನಿಮಿಷ. ಅಸೋಸಿಯೇಟ್ ಆದ ಮೊದಲ ವರ್ಷವೇ ಬರೆಯಬೇಕು, ಪಾಸಾಗುವವರೆಗೆ ವರ್ಷಕ್ಕೊಮ್ಮೆಯಾದರೂ ಬರೆಯುತ್ತಿರಬೇಕು. ಬರೆಯದಿದ್ದರೆ ನವೀಕರಣ ಇಲ್ಲ.

ಇದರಲ್ಲಿ ಬರುವ ವಿಷಯಗಳು ಒಣ ಕಾನೂನು ಅಲ್ಲ. 1969ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತದ ಒಬ್ಬ ವಿದ್ಯಾರ್ಥಿ, ತನ್ನನ್ನು ಒಪ್ಪದ ಹುಡುಗಿಯನ್ನು ಕೊಲ್ಲುವ ಮಾತನ್ನು ತನ್ನ ಥೆರಪಿಸ್ಟ್ ಮುಂದೆ ಆಡಿದ. ಥೆರಪಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು, ವಿಚಾರಿಸಿ, ಬಿಟ್ಟುಬಿಟ್ಟರು. ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಅವನು ಅವಳನ್ನು ಕೊಂದ. ಅವಳ ತಂದೆ ತಾಯಿ ಹೂಡಿದ ಕೇಸಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು: ಕ್ಲೈಂಟ್‌ನಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಆ ಇನ್ನೊಬ್ಬರನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವ ಹೊಣೆ ಥೆರಪಿಸ್ಟ್‌ಗಿದೆ. ಟ್ಯಾರಸಾಫ್ ತೀರ್ಪು ಅಂತ ಅದರ ಹೆಸರು. ಕ್ಲೈಂಟ್ ಹೇಳಿದ್ದನ್ನೆಲ್ಲ ಗುಟ್ಟಾಗಿಡಬೇಕು ಅನ್ನುವ ನಿಯಮಕ್ಕೆ ಎಲ್ಲಿ ಗೆರೆ ಅನ್ನುವುದನ್ನು ಈ ಕಸುಬಿನವರೆಲ್ಲ ಇದರಿಂದಲೇ ಕಲಿಯುತ್ತಾರೆ.

ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಅನ್ನುವ ಅನುಮಾನ ಬಂದರೂ ಹಾಗೇ. ಕೂಡಲೇ ಫೋನ್ ಮಾಡಿ ತಿಳಿಸಬೇಕು, 36 ಗಂಟೆಯೊಳಗೆ ಬರೆದು ಕೊಡಬೇಕು. ಸೂಪರ್‌ವೈಸರ್ ಬೇಡ ಅಂದರು ಅನ್ನುವುದು ನೆಪವಾಗುವುದಿಲ್ಲ. ಈ ಹೊಣೆ ಅಸೋಸಿಯೇಟ್ ಸ್ವತಃ ಹೊರಬೇಕಾದದ್ದು.

ಎರಡನೆಯದು ಕ್ಲಿನಿಕಲ್ ಪರೀಕ್ಷೆ. 3000 ಗಂಟೆಗೆ ಬಿಬಿಎಸ್ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ. ಪಾಸಾದರೆ ಲೈಸೆನ್ಸ್. ಆಮೇಲೂ ಎರಡು ವರ್ಷಕ್ಕೊಮ್ಮೆ ನವೀಕರಿಸಲು 36 ಗಂಟೆ ಕಲಿಕೆ ತೋರಿಸಬೇಕು. 2024ರ ಜನವರಿಯಿಂದ ಲೈಸೆನ್ಸ್ ಇರುವ ಎಂಎಫ್‌ಟಿಗಳು ಮೆಡಿಕೇರ್ ಅನ್ನುವ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಿಂದಲೂ ಹಣ ಪಡೆಯಬಹುದು. ವಯಸ್ಸಾದವರಿಗೆ ಇದರಿಂದ ಅನುಕೂಲ ಆಗಿದೆ.

ಇಲ್ಲಿಂದ ಹೋದವರಿಗೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸೈಕಾಲಜಿ ಎಂಎಸ್ಸಿ ಮಾಡಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವರು ಕೇಳುವ ಮೊದಲ ಪ್ರಶ್ನೆ: ನನ್ನ ಡಿಗ್ರಿ ನಡೆಯುತ್ತಾ? ಬೇರೆ ದೇಶದ ಡಿಗ್ರಿಯನ್ನು ಬಿಬಿಎಸ್ ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಒಪ್ಪಿತ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ, ಅಲ್ಲಿನ ಡಿಗ್ರಿಗೆ ಸಮ ಅಂತ ತೋರಿಸಬೇಕು. ತೊಡಕು ಏನೆಂದರೆ ನಮ್ಮ ಎಂಎಸ್ಸಿಗಳಲ್ಲಿ ಸಾಮಾನ್ಯವಾಗಿ ಕುಟುಂಬ ಥೆರಪಿಯ ಪ್ರಾಕ್ಟಿಕಮ್ ಆ ಅಳತೆಯಲ್ಲಿ ಇರುವುದಿಲ್ಲ, ಕ್ಯಾಲಿಫೋರ್ನಿಯಾ ಕಾನೂನಿನ ಪಾಠ ಅಂತೂ ಇರುವುದೇ ಇಲ್ಲ. ಹಾಗಾಗಿ ಅಲ್ಲೇ ಹೊಸದಾಗಿ ಮಾಸ್ಟರ್ಸ್ ಮಾಡುವುದೇ ಹೆಚ್ಚಿನವರಿಗೆ ಉಳಿಯುವ ದಾರಿ.

ವೀಸಾ ಇನ್ನೊಂದು ಗೋಡೆ. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ ಕೆಲಸ ಮಾಡಲು ಸಾಮಾನ್ಯವಾಗಿ ಒಪಿಟಿ ಅನ್ನುವ 12 ತಿಂಗಳ ಅನುಮತಿ ಸಿಗುತ್ತದೆ. ಎಂಜಿನಿಯರ್‌ಗಳಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ಈ ಕೋರ್ಸಿಗೆ ಇಲ್ಲ. ಡಿಗ್ರಿಯ ನಂತರದ 1700 ಗಂಟೆಯನ್ನು ಆ 12 ತಿಂಗಳಿಗೆ ತುರುಕುವುದು ಎಷ್ಟು ಕಷ್ಟ ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಇರುವವರಿಗೆ ಕೆಲಸದ ಪರವಾನಗಿ ಇಲ್ಲದೆ ಸಂಬಳದ ಅಸೋಸಿಯೇಟ್ ಹುದ್ದೆಗೆ ಸೇರುವಂತಿಲ್ಲ. ಕಾಲೇಜಿಗೆ ಸೇರುವ ಮುಂಚೆಯೇ ವಕೀಲರನ್ನು ಕೇಳಿಕೊಳ್ಳಬೇಕಾದ ವಿಷಯ ಇದು.

ಭಾರತದಲ್ಲಿ ಮದುವೆ ಮತ್ತು ಕುಟುಂಬ ಥೆರಪಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ನಿಮ್ಹಾನ್ಸ್‌ನಂಥ ಕಡೆ ವರ್ಷಗಟ್ಟಲೆ ಮೇಲ್ವಿಚಾರಣೆಯ ತರಬೇತಿ ಇದೆ. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೇ ಪ್ರತ್ಯೇಕ ವಿಭಾಗವೂ ಇದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಫ್ಯಾಮಿಲಿ ಕೋರ್ಟ್‌ಗಳಲ್ಲಿ ಕೌನ್ಸೆಲರ್‌ಗಳನ್ನು ಇಡಬಹುದು. ಕೌನ್ಸೆಲರ್‌ಗಳನ್ನೂ ನೋಂದಣಿಯೊಳಗೆ ತರುವ ಕಾಯ್ದೆ 2021ರಲ್ಲಿ ಬಂದಿದೆ. ಇಷ್ಟಿದ್ದರೂ ಮ್ಯಾರೇಜ್ ಕೌನ್ಸೆಲರ್ ಅಂತ ಬೋರ್ಡ್ ಹಾಕಿ ಕೂತವರು 3000 ಗಂಟೆ ಬಿಡಿ, 30 ಗಂಟೆ ಯಾರ ಹತ್ತಿರವಾದರೂ ಕಲಿತಿದ್ದಾರಾ ಅಂತ ತಿಳಿಯಲು ಸಾಮಾನ್ಯ ಜನರಿಗೆ ಸುಲಭದ ದಾರಿ ಇಲ್ಲ. ಕ್ಯಾಲಿಫೋರ್ನಿಯಾದ ಬಿಗಿಯನ್ನು ಬೈಯುವಾಗ ಇದೂ ನೆನಪಿರಲಿ.

ವಿಡಿಯೋ ಥೆರಪಿ ಬಂದ ಮೇಲೆ ಸನ್ನಿವೇಲ್‌ನ ದಂಪತಿ ಬೆಂಗಳೂರಿನ ಕೌನ್ಸೆಲರ್ ಹತ್ತಿರ ಕನ್ನಡದಲ್ಲೇ ಮಾತಾಡಬಹುದಲ್ಲ ಅನ್ನಿಸುತ್ತದೆ. ಕಾನೂನು ನೋಡುವುದು ಕ್ಲೈಂಟ್ ಎಲ್ಲಿ ಕೂತಿದ್ದಾರೆ ಅನ್ನುವುದನ್ನು. ಕ್ಲೈಂಟ್ ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಥೆರಪಿಸ್ಟ್‌ಗೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಬೇಕು. ಅಮೆರಿಕದ ಬೇರೆ ರಾಜ್ಯದಲ್ಲಿ ಲೈಸೆನ್ಸ್ ಇರುವವರಿಗೆ, ಅವರ ಹಳೆಯ ಕ್ಲೈಂಟ್ ಕ್ಯಾಲಿಫೋರ್ನಿಯಾಕ್ಕೆ ಬಂದಾಗ, 30 ದಿನದ ತಾತ್ಕಾಲಿಕ ಅವಕಾಶ ಇದೆ. ಅದೂ ಬಿಬಿಎಸ್‌ಗೆ ತಿಳಿಸಿದ ಮೇಲೆ.

ಥೆರಪಿಸ್ಟ್ ಹುಡುಕುತ್ತಿರುವವರು ಮಾಡಬೇಕಾದದ್ದು ಇಷ್ಟು. ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಹುಡುಕುವ ಪುಟ ಇದೆ, ದುಡ್ಡು ಕೊಡಬೇಕಿಲ್ಲ. ಹೆಸರು ಹಾಕಿದರೆ ಲೈಸೆನ್ಸ್ ಯಾವುದು, ಈಗ ಚಾಲ್ತಿಯಲ್ಲಿ ಇದೆಯಾ, ಶಿಸ್ತು ಕ್ರಮ ಆಗಿದೆಯಾ ಎಲ್ಲ ಬರುತ್ತದೆ. ಅಸೋಸಿಯೇಟ್‌ಗಳೂ ಅದರಲ್ಲಿ ಸಿಗುತ್ತಾರೆ. ಎಎಂಎಫ್‌ಟಿ ಅಂತ ಕಂಡ ಕೂಡಲೇ ಹಿಂಜರಿಯಬೇಕಿಲ್ಲ. ಅವರ ಕೆಲಸವನ್ನು ವಾರ ವಾರ ಇನ್ನೊಬ್ಬರು ನೋಡುತ್ತಿರುತ್ತಾರೆ, ಫೀಸು ಕೂಡ ಕಡಿಮೆ. ಸೂಪರ್‌ವೈಸರ್ ಯಾರು ಅಂತ ಧಾರಾಳವಾಗಿ ಕೇಳಿ. ಫೀಸನ್ನು ಮಾತ್ರ ಅವರು ಕೆಲಸ ಮಾಡುವ ಸಂಸ್ಥೆಗೆ ಕಟ್ಟಿ. ತನ್ನ ಸ್ವಂತ ಖಾತೆಗೆ ಹಾಕಿ ಅಂತ ಅಸೋಸಿಯೇಟ್ ಹೇಳಿದರೆ, ಅಲ್ಲಿಗೇ ನಿಲ್ಲಿಸಿ ಬೇರೆಯವರನ್ನು ನೋಡಿಕೊಳ್ಳಿ.